ಸೈಡ್ ಎ, ಸೈಡ್ ಬಿ

(ಶನಿವಾರ, 2 ಸೆಪ್ಟೆಂಬರ್ 2023)



ಬೆಳಗ್ಗೆ 11 ಗಂಟೆ 50 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಆದಿತ್ಯ-ಎಲ್1 ಸೂರ್ಯನ ಕಡೆ ಹೊರಟಿತು. ಬುಧವಾರ ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಅದಕ್ಕೂ ಹಿಂದಿನ ದಿನ, ಮಂಗಳವಾರ, ಕಾವೇರಿ ಪ್ರಾಧಿಕಾರ ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್ ನೀರು ಬಿಡಿ ಅಂತು. ವಾರ ಪೂರ್ತಿ ಇದೇ ಸುದ್ದಿಗಳನ್ನು ಓದಿದ್ದೇನೆ. ಶನಿವಾರ ರಾತ್ರಿ ಮಾತ್ರ ನನ್ನ ಹಳೇ ಚಟಕ್ಕೆ ಹತ್ತು ನಿಮಿಷ. ಶುಕ್ರವಾರ ಬಂದ ಹೊಸ ಸಿನಿಮಾ, ಹೊಸ ಹಾಡುಗಳಲ್ಲಿ ನನಗೆ ಹಿಡಿಸಿದ್ದನ್ನು ನಿಮಗೆ ಹೇಳೋದು. ನಾನು ಸಂಗೀತ ಕಲಿತವನಲ್ಲ. ರಾಗ ಗುರುತಿಸೋಕೆ ಬರಲ್ಲ. ಕೇಳೋದು ಮಾತ್ರ ಬಿಟ್ಟಿಲ್ಲ.

ಈ ಸಲ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಕಾರಣ ಆಮೇಲೆ ಹೇಳ್ತೀನಿ. ಮೊದಲು ಪಟ್ಟಿ.

ನಾಲ್ಕನೇ ಸ್ಥಾನದಲ್ಲಿ ಹಿಂದಿನ ವಾರದ ಬಾಕಿ ಒಂದಿದೆ. ವರಮಹಾಲಕ್ಷ್ಮಿ ಹಬ್ಬದ ದಿನ ಬಂದ 'ಟೋಬಿ'. ಸಂಗೀತ ಮಿಧುನ್ ಮುಕುಂದನ್ ಅವರದು. 'ಗರುಡ ಗಮನ ವೃಷಭ ವಾಹನ'ಕ್ಕೆ ಕೆಲಸ ಮಾಡಿದ ಅದೇ ಮಿಧುನ್. ಇಲ್ಲಿ ನಾನು ಆರಿಸಿದ್ದು ಹಾಡನ್ನಲ್ಲ, ಹಿನ್ನೆಲೆ ಸಂಗೀತವನ್ನು. ಥಿಯೇಟರ್‌ನಲ್ಲಿ ಒಮ್ಮೆ ಕಣ್ಣು ಮುಚ್ಚಿ ಕೇಳಿ ನೋಡಿ.

ಮೂರನೇದು ಹಿಂದಿಯದು. ಮುಂದಿನ ಗುರುವಾರ ಬರಲಿರುವ ಶಾರುಖ್ ಖಾನ್ ಅವರ 'ಜವಾನ್' ಚಿತ್ರದ ಹಾಡು ಈ ಮಂಗಳವಾರ ಬಿಡುಗಡೆಯಾಯಿತು: 'ನಾಟ್ ರಾಮಯ್ಯಾ ವಸ್ತಾವಯ್ಯಾ'. ಸಂಗೀತ ಚೆನ್ನೈನ ಅನಿರುದ್ಧ್. ಹಿರಿಯರಿಗೆ ಹೆಸರು ಕೇಳುತ್ತಲೇ 1955ರ 'ಶ್ರೀ 420' ನೆನಪಾಗುತ್ತೆ. ಶಂಕರ್-ಜೈಕಿಶನ್ ಸಂಗೀತ, ಶೈಲೇಂದ್ರ ಸಾಹಿತ್ಯ. ಹಿಂದಿ ಹಾಡಿನ ನೆತ್ತಿಯ ಮೇಲೆ ತೆಲುಗು ಮಾತು! ಅರವತ್ತೆಂಟು ವರ್ಷ ಆದಮೇಲೆ ಆ ತೆಲುಗು ಮಾತಿಗೆ ತಮಿಳಿನ ಹುಡುಗ ಕುಣಿಯೋ ತಾಳ ಹಾಕಿದ್ದಾನೆ. ಇದೇನು ಮನಸ್ಸಲ್ಲಿ ಉಳಿಯೋ ಹಾಡಲ್ಲ. ಗಣೇಶನ ಹಬ್ಬದ ಮೆರವಣಿಗೆಗೆ ಆಗುತ್ತೆ. ಅದೂ ಒಂದು ಕೆಲಸವೇ.

ಎರಡನೇದು ನಿನ್ನೆ ಐದು ಭಾಷೆಯಲ್ಲಿ ಬಂದ 'ಖುಷಿ'. ಮೂಲ ತೆಲುಗು, ಸಂಗೀತ ಮಲಯಾಳದ ಹೇಶಮ್ ಅಬ್ದುಲ್ ವಹಾಬ್. 'ಹೃದಯಂ' ಕೇಳಿದವರಿಗೆ ಈ ಹೆಸರು ಹೊಸದಲ್ಲ. ಇದರ 'ರೋಜಾ' ಹಾಡಿನ ತೆಲುಗು ಸಾಹಿತ್ಯದಲ್ಲಿ ಮಣಿರತ್ನಂ ಚಿತ್ರಗಳ ಹೆಸರುಗಳನ್ನೇ ಪೋಣಿಸಿದ್ದಾರೆ. ಕೇಳ್ತಾ ಕೇಳ್ತಾ ನನಗೆ ಅನಿಸಿದ್ದು: ಈ ಮಣಿರತ್ನಂ ಮೊದಲ ಸಿನಿಮಾ ಮಾಡಿದ್ದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ. 1983ರ 'ಪಲ್ಲವಿ ಅನುಪಲ್ಲವಿ', ಇಳಯರಾಜ ಸಂಗೀತ. ಆದರೆ ಒಂದು ತಕರಾರಿದೆ. 'ಖುಷಿ'ಯ ಹಾಡುಗಳನ್ನು ತೆಲುಗಿನಲ್ಲೇ ಕೇಳಿ. ಡಬ್ಬಿಂಗ್ ಹಾಡುಗಳಲ್ಲಿ ಪದಗಳು ರಾಗದ ಮೇಲೆ ಕೂರಲ್ಲ, ರಶ್ ಇರೋ ಬಸ್ಸಲ್ಲಿ ಕಂಬಿ ಹಿಡಿದು ನಿಂತ ಹಾಗೆ ನಿಂತೇ ಇರ್ತವೆ.

ಈಗ ಮೊದಲನೇದು. ನಿನ್ನೆ ಬಿಡುಗಡೆಯಾದ 'ಸಪ್ತ ಸಾಗರದಾಚೆ ಎಲ್ಲೋ – ಸೈಡ್ ಎ'. ನಿರ್ದೇಶನ ಹೇಮಂತ್ ರಾವ್, ಸಂಗೀತ ಚರಣ್ ರಾಜ್. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಮಾಡಿದ ಜೋಡಿ. ಹಾಡುಗಳು ಮೊಬೈಲಿಗೆ ಮೊದಲೇ ಬಂದಿದ್ದವು ನಿಜ. ಆದರೆ ಹಾಡು ಬಿಡುಗಡೆಯಾಗೋ ದಿನ ಬೇರೆ, ಅದು ನಮ್ಮನ್ನು ತಲುಪೋ ದಿನ ಬೇರೆ. ನನ್ನನ್ನು ತಲುಪಿದ್ದು ನಿನ್ನೆ ರಾತ್ರಿ, ಥಿಯೇಟರ್‌ನ ಕತ್ತಲಲ್ಲಿ. ಶೀರ್ಷಿಕೆ ಗೀತೆ ಬರೆದವರು ಧನಂಜಯ ರಂಜನ್, ಹಾಡಿದವರು ಕಪಿಲ್ ಕಪಿಲನ್. ತಮಿಳಿನ 'ಬ್ಯಾಚುಲರ್' ಚಿತ್ರದ ಹಾಡಿನಿಂದ ಹೆಸರು ಮಾಡಿದ ಗಾಯಕ. ಗಂಟಲಲ್ಲಿ ಒತ್ತಡವೇ ಇಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಲಿ ಅಂತ ಹಾಡಿದ ಹಾಗಿದೆ.

ಚಿತ್ರದ ಹೆಸರು ಎಲ್ಲಿಂದ ಬಂತು ಗೊತ್ತಲ್ವಾ? ಗೋಪಾಲಕೃಷ್ಣ ಅಡಿಗರ 'ಮೋಹನ ಮುರಳಿ' ಕವಿತೆಯಿಂದ. ನನ್ನ ವಯಸ್ಸಿನವರಿಗೆ ಆ ಕವಿತೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ತೊಂಬತ್ತರ ದಶಕದ 'ಅಮೆರಿಕಾ ಅಮೆರಿಕಾ' ಚಿತ್ರದಲ್ಲಿ ಮನೋಮೂರ್ತಿ ಸಂಗೀತದಲ್ಲಿ ಸಿಕ್ಕಿದ್ದು. ನನಗೆ ಅದು ಸಿಕ್ಕಿದ ಬಗೆ ಇನ್ನೂ ವಿಚಿತ್ರ.

ನಮ್ಮೂರು ಮದ್ದೂರು ತಾಲ್ಲೂಕು. ಕಬ್ಬಿನ ದುಡ್ಡು ಬಂದ ವರ್ಷ ನಮ್ಮಣ್ಣ ಟೇಪ್ ರೆಕಾರ್ಡರ್ ತಂದ. ಪೇಟೆಯಲ್ಲಿ ಒಂದು ಕ್ಯಾಸೆಟ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಕೊಡೋರು. ಅಣ್ಣ ಬರೆದ ಹಾಡೆಲ್ಲ ಸೈಡ್ ಎನಲ್ಲೇ ಮುಗಿದುಹೋಗೋದು. ಬಿ ಸೈಡಿನಲ್ಲಿ ಜಾಗ ಉಳಿಯೋದು. ಅಂಗಡಿಯವರು ಅದನ್ನು ಖಾಲಿ ಬಿಡ್ತಿರಲಿಲ್ಲ. ಆ ವಾರ ಹೊಸದಾಗಿ ಬಂದಿದ್ದರಲ್ಲಿ ತಮಗೆ ಇಷ್ಟವಾದ ಎರಡು-ಮೂರು ಹಾಡು ಹಾಕಿ ಕೊಡೋರು. ಅದಕ್ಕೆ ಕಾಸು ಇಲ್ಲ. ಅಡಿಗರ ಕವಿತೆ ನಮ್ಮ ಮನೆಗೆ ಬಂದಿದ್ದು ಹಾಗೆ, ನಾವು ಕೇಳದೇ. ಅಣ್ಣ ಏಳನೇ ಕ್ಲಾಸಿಗೆ ಓದು ಬಿಟ್ಟವನು. ಗದ್ದೆ ಬದುವಿನ ಮೇಲೆ ಟೇಪ್ ಇಟ್ಟುಕೊಂಡು ಆ ಹಾಡನ್ನ ರೀಲು ಸುತ್ತಿ ಸುತ್ತಿ ಕೇಳಿದ. 'ಅರ್ಥ ಆಯ್ತೇನಣ್ಣ?' ಅಂತ ಕೇಳಿದ್ದಕ್ಕೆ, 'ಎಲ್ಲಾ ಆಗ್ಲಿಲ್ಲ. ಆದ್ರೂ ಇರ್ಲಿ, ಅಳಿಸ್ಬೇಡ' ಅಂದ.

ನಾನು ಶನಿವಾರ ಮಾಡ್ತಿರೋದು ಆ ಅಂಗಡಿಯವರ ಕೆಲಸವೇ. ನಿಮ್ಮ ಮೊಬೈಲಿಗೆ ನಿಮ್ಮ ರುಚಿ ಗೊತ್ತು. ನಿನ್ನೆ ಕೇಳಿದ್ದರ ತಮ್ಮನನ್ನೋ ತಂಗಿಯನ್ನೋ ಇವತ್ತು ತಂದು ಮುಂದಿಡುತ್ತೆ. ನೀವು ಕೇಳದೇ ಇದ್ದದ್ದನ್ನು, ನಿಮಗೆ ಸೇರಬಹುದು ಅನ್ನೋ ಬರೀ ನಂಬಿಕೆ ಮೇಲೆ ಇನ್ನೊಬ್ಬರು ತುಂಬಿಸಿ ಕೊಡೋ ಬಿ ಸೈಡ್ ಅದಕ್ಕೆ ಗೊತ್ತಿಲ್ಲ.

ಈಗ ಕಾರಣಕ್ಕೆ ಬರ್ತೀನಿ. ಗುರುವಾರ ಅಣ್ಣ ಫೋನ್ ಮಾಡಿದ್ದ. ವಿ.ಸಿ. ನಾಲೆ ನೀರು ನಂಬಿದ ಗದ್ದೆ ನಮ್ಮದು. 1901ರಿಂದ ಈಚೆಗೆ ಇಷ್ಟು ಒಣಗಿದ ಆಗಸ್ಟ್ ದೇಶದಲ್ಲಿ ಬಂದಿಲ್ಲ ಅಂತ ಹವಾಮಾನ ಇಲಾಖೆ ಹೇಳಿದೆ. ಕೆಆರ್‌ಎಸ್ ತುಂಬಲು 124.80 ಅಡಿ ಬೇಕು, ತುಂಬಿಲ್ಲ. ಅಣ್ಣ ಕೇಳಿದ: 'ಗದ್ದೆ ಬಾಯಿ ಬಿಟ್ಕಂಡೈತೆ. ಶನಿವಾರ ನೀನು ಟೀವೀಲಿ ತಮಿಳ್ನೋರು ಹಾಡಿರೋ ಹಾಡು ಚೆನ್ನಾಗೈತೆ ಅಂತೀಯೇನ್ಲಾ?'

ಅಣ್ಣ ಒಬ್ಬನೇ ಅಲ್ಲ. ನಮ್ಮ ಆಫೀಸಲ್ಲೂ ಒಬ್ಬರು ಹೇಳಿದರು, 'ಸಾರ್, ಈ ವಾರ ಒಂದು ಆ ಹೆಸರು ಬಿಟ್ಟುಬಿಡಿ. ಹಾಡು ಹೇಳಿ, ಹಾಡಿದವರ ಹೆಸರು ಯಾಕೆ?'

ನಾನು ಹೆಸರು ಬಿಡಲಿಲ್ಲ, ನೀವೇ ಕೇಳಿದಿರಿ. ಯಾಕೆ ಅಂದರೆ, 2016ರ ಸೆಪ್ಟೆಂಬರ್ 12 ನನಗೆ ನೆನಪಿದೆ. ಇದೇ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಆ ದಿನ ನಾನೂ ಸ್ಟುಡಿಯೋದಲ್ಲಿ ಕೂತು ಗಂಟಲು ಹರಿಯೋ ಹಾಗೆ ಕೂಗಿದ್ದೆ. ಉರಿಯೋ ಅದೇ ಬಸ್ಸನ್ನು ಮತ್ತೆ ಮತ್ತೆ ತೋರಿಸಿದ್ದೆವು. ನೀರಿನ ಲೆಕ್ಕ ಕೇಳಬೇಕಾದ ಕಡೆ ನಂಬರ್ ಪ್ಲೇಟಿನ ಲೆಕ್ಕ ಶುರುವಾಗಿತ್ತು. ಒಂದು ಹನಿ ನೀರೂ ಅದರಿಂದ ಉಳಿಯಲಿಲ್ಲ. ಹೆಸರು ನೋಡಿ ಮನುಷ್ಯರನ್ನು ಬೇರೆ ಮಾಡೋ ಕೆಲಸ ಹೀಗೇ ಶುರುವಾಗೋದು, 'ಈ ವಾರ ಒಂದು ಹೆಸರು ಬಿಟ್ಟುಬಿಡಿ' ಅನ್ನೋದರಿಂದ. ಇವತ್ತು ಹಾಡುಗಾರನ ಹೆಸರು, ನಾಳೆ ಅಂಗಡಿ ಬೋರ್ಡಿನ ಹೆಸರು.

ಅಣ್ಣನಿಗೆ ಒಂದು ಮಾತು ಹೇಳಿದೆ: 'ಊರಹಬ್ಬದಲ್ಲಿ ನೀನು ಟವೆಲ್ ಬೀಸಿ ಕುಣೀತಿದ್ದೆಯಲ್ಲ, ಟಗರು ಹಾಡು? ಅದಕ್ಕೂ ಇದೇ ಚರಣ್ ರಾಜ್ ಸಂಗೀತ. ಹಾಡಿದ್ದು ಆಂಥೋಣಿ ದಾಸನ್. ತಂಜಾವೂರು ಕಡೆಯ ಜಾನಪದ ಗಾಯಕ. ನಮ್ಮ ನೀರು ಹೋಗಿ ಸೇರೋ ಊರಿನವನು.'

ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ: 'ಹಾಡು ಬೇರೆ, ನೀರು ಬೇರೆ ಕಣ್ಲಾ. ಹಾಡು ಕೊಟ್ರೆ ಕೊಟ್ಟೋನ ಹತ್ರಾನೂ ಉಳ್ಕೊಳ್ತದೆ. ನೀರು ಕೊಟ್ರೆ ಹೋಯ್ತು.'

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅಣ್ಣ ಹೇಳಿದ್ದು ಸರಿ. ಹಾಡಿನಿಂದ ನಾಲೆಗೆ ನೀರು ಬರಲ್ಲ. ಮಳೆ ಕೈಕೊಟ್ಟ ವರ್ಷ ಇದ್ದಷ್ಟು ನೀರನ್ನು ಹೇಗೆ ಹಂಚಿಕೊಳ್ಳಬೇಕು ಅನ್ನೋದಕ್ಕೆ ಎರಡೂ ಕಡೆಯ ರೈತ ಒಪ್ಪೋ ಲೆಕ್ಕ ಬೇಕು. ಆ ಲೆಕ್ಕ ಕೇಳೋದನ್ನು ಸೋಮವಾರದಿಂದ ಇದೇ ಕುರ್ಚಿಯಲ್ಲಿ ಕೂತು ಮಾಡ್ತೀನಿ. ಕೂಗದೇ ಮಾಡ್ತೀನಿ. ಹಾಡು ಆ ಲೆಕ್ಕ ಬಿಡಿಸಲ್ಲ. ಆದರೆ ಆ ಕಡೆ ಇರೋನೂ ಮನುಷ್ಯ ಅನ್ನೋದು ಮರೆಯದ ಹಾಗೆ ನೋಡಿಕೊಳ್ಳುತ್ತೆ. ಅದು ಮರೆತಾಗ ಏನಾಗುತ್ತೆ ಅಂತ 2016ರಲ್ಲಿ ನೋಡಿದ್ದೇವೆ.

'ಸಪ್ತ ಸಾಗರ'ದ ಕಥೆಯಲ್ಲೂ ಒಂದು ಕ್ಯಾಸೆಟ್ ಇದೆ. ಏನು, ಎತ್ತ ಅಂತ ಹೇಳಿ ನಿಮ್ಮ ಸಿನಿಮಾ ಹಾಳು ಮಾಡಲ್ಲ. ಸೈಡ್ ಬಿ ಇನ್ನೂ ಬರಬೇಕು. ಅಷ್ಟರಲ್ಲಿ ಮಳೆಯೂ ಬರಲಿ.

ನಿನ್ನೆ ರಾತ್ರಿ ಸಿನಿಮಾ ಮುಗಿದ ಮೇಲೆ ಶೀರ್ಷಿಕೆ ಗೀತೆಯನ್ನು ಅಣ್ಣನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ, ಏನೂ ಬರೆಯದೇ. ಎರಡು ನೀಲಿ ಗೆರೆ ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.

ಮುಂದಿನ ಶನಿವಾರ ಸಿಗೋಣ. ನಮಸ್ಕಾರ.