ಶಾಂತಿಪರ್ವಕ್ಕೆ ಮುನ್ನ

ಗದುಗಿನ ಭಾರತವನ್ನು ನಮ್ಮ ಊರುಗಳಲ್ಲಿ ಗಮಕಿಗಳು ಇಂದಿಗೂ ಓದುತ್ತಾರೆ. ಕುಮಾರವ್ಯಾಸನು ಹತ್ತು ಪರ್ವಗಳನ್ನು ಹಾಡಿ ಗದಾಪರ್ವಕ್ಕೆ ನಿಲ್ಲಿಸಿದನಷ್ಟೆ. ಮುಂದಿನ ಕಥೆಯನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಪೂರೈಸಿದನು. ಆದರೆ ಆ ಭಾಗವನ್ನು ಓದಿಸುವವರು ವಿರಳ. ದುರ್ಯೋಧನನ ತೊಡೆ ಮುರಿದ ರಾತ್ರಿ ಮಂಗಳಾರತಿಯಾಗುತ್ತದೆ, ಪ್ರಸಾದ ಹಂಚುತ್ತಾರೆ, ಜನ ಮನೆಗೆ ಹೊರಡುತ್ತಾರೆ. ಯುದ್ಧ ಮುಗಿದ ಮೇಲೆ ಕುರುಕ್ಷೇತ್ರದಲ್ಲಿ ಏನು ನಡೆಯಿತೆಂದು ಕೇಳುವುದಕ್ಕೆ ಕೂರುವವರು ಕಡಮೆ.

ನೆರೆಯ ಶ್ರೀಲಂಕೆಯ ವಿಷಯದಲ್ಲಿಯೂ ನಾವು ಹೀಗೆಯೇ ನಡೆದುಕೊಂಡೆವೆಂದು ನನಗೆ ತೋರುತ್ತದೆ. 1983ರ ಜುಲೈ ತಿಂಗಳಿನಿಂದ 2009ರ ಮೇ ತಿಂಗಳವರೆಗೆ, ಹತ್ತಿರ ಹತ್ತಿರ ಇಪ್ಪತ್ತಾರು ವರ್ಷ, ಅಲ್ಲಿನ ಯುದ್ಧದ ಸುದ್ದಿಯನ್ನು ಕೇಳಿದೆವು. ನಂದಿಕಡಲೆಂಬ ಉಪ್ಪುನೀರಿನ ಕೊಳಕ್ಕೂ ಸಮುದ್ರಕ್ಕೂ ನಡುವಣ ಮುಳ್ಳಿವಾಯ್ಕಾಲ್ ಎಂಬ ಮರಳುನೆಲದಲ್ಲಿ ಅದು ಕೊನೆಗೊಂಡಿತು. ಅಲ್ಲಿಗೆ ನಾವು ಪತ್ರಿಕೆಯನ್ನು ಮಡಿಸಿಟ್ಟೆವು. ವಾಚಕರೇ, ಆ ಮಡಿಸಿಟ್ಟ ಪುಟವನ್ನು ಇಂದು ನಿಮ್ಮೊಡನೆ ಮತ್ತೆ ಬಿಡಿಸಿ ನೋಡಬೇಕೆಂಬುದು ನನ್ನ ಆಸೆ.

ಕಲಹದ ಬೇರು ದೀರ್ಘವಾದುದು. 1956ರಲ್ಲಿ ಸಿಂಹಳವೊಂದನ್ನೇ ರಾಜಭಾಷೆಯಾಗಿ ಮಾಡಿದ ಶಾಸನ, ಮತ್ತೆ ಮತ್ತೆ ನಡೆದ ಗಲಭೆಗಳು, ಮುರಿದುಬಿದ್ದ ಒಪ್ಪಂದಗಳು ಇವೆಲ್ಲ ಅದರ ಎಳೆಗಳು. ಭಾಷೆಯನ್ನೇ ಬದುಕಾಗಿ ಮಾಡಿಕೊಂಡ ನನ್ನಂಥ ಉಪಾಧ್ಯಾಯನಿಗೆ ಅವುಗಳಲ್ಲಿ ಒಂದನ್ನು ನೆನೆದಾಗ ಈಗಲೂ ಎದೆ ಭಾರವಾಗುತ್ತದೆ. 1981ರ ಮೇ ತಿಂಗಳ ಕೊನೆಯಲ್ಲಿ ಜಾಫ್ನಾ ನಗರದ ಸಾರ್ವಜನಿಕ ಪುಸ್ತಕಾಲಯವನ್ನು ಸುಟ್ಟರು. ಸುಮಾರು 97,000 ಗ್ರಂಥಗಳು ಬೂದಿಯಾದವು. ಅವುಗಳಲ್ಲಿ ಪ್ರತಿಯೇ ಇಲ್ಲದ ಓಲೆಗರಿಗಳೂ ಇದ್ದವು. ಕಟ್ಟಡವನ್ನು ಮತ್ತೆ ಕಟ್ಟಿದ್ದಾರೆ; ಇಂದು ಅಲ್ಲಿ ಮಕ್ಕಳು ಕುಳಿತು ಓದುತ್ತಾರೆ. ಓಲೆಗರಿಗಳು ಮಾತ್ರ ಹಿಂದಿರುಗಲಿಲ್ಲ.

ಈಗ ವ್ಯಾಸಭಾರತಕ್ಕೆ ಬರೋಣ. ಯುದ್ಧದ ಅನಂತರ ಶಾಂತಿಪರ್ವವು ಕೂಡಲೇ ಬರುವುದಿಲ್ಲ. ಅದಕ್ಕೆ ಮುನ್ನ ಸ್ತ್ರೀಪರ್ವವಿದೆ. ಗಾಂಧಾರಿಯೂ ಸೊಸೆಯರೂ ರಣರಂಗದಲ್ಲಿ ತಮ್ಮವರ ದೇಹಗಳನ್ನು ಹುಡುಕುತ್ತ ಅಲೆಯುತ್ತಾರೆ. ಆ ಅಳಲನ್ನು ಎದುರಿಗೆ ನಿಂತು ಕೇಳಿದ ಮೇಲೆಯೇ ಧರ್ಮರಾಯನು ಭೀಷ್ಮನಲ್ಲಿಗೆ ರಾಜಧರ್ಮವನ್ನು ಕೇಳಲು ಹೋಗುವುದು. ಶ್ರೀಲಂಕೆಯಲ್ಲಿ ಈ ಕ್ರಮವು ತಪ್ಪಿದೆ. ಸ್ತ್ರೀಪರ್ವವನ್ನು ದಾಟಿ ಶಾಂತಿಪರ್ವಕ್ಕೆ ಹೋಗಲು ಅಲ್ಲಿನ ಆಳುವವರು ಬಹುಕಾಲ ಯತ್ನಿಸಿದರು.

ಯುದ್ಧದ ಕೊನೆಯ ತಿಂಗಳುಗಳಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಯು 2011ರಲ್ಲಿ ಹೇಳಿತು. ಉಳಿದವರಲ್ಲಿ ಮೂರು ಲಕ್ಷಕ್ಕೆ ಸಮೀಪದ ಜನ ಮುಳ್ಳುತಂತಿಯ ಶಿಬಿರಗಳಲ್ಲಿದ್ದರು. ಸೈನ್ಯಕ್ಕೆ ಶರಣಾದ ಅನೇಕರನ್ನು ಮನೆಯವರು ಮತ್ತೆ ಕಾಣಲಿಲ್ಲ. 2017ರ ಫೆಬ್ರವರಿಯಲ್ಲಿ ಕಿಳಿನೊಚ್ಚಿಯ ತಾಯಂದಿರು ಮಕ್ಕಳ ಭಾವಚಿತ್ರಗಳನ್ನು ಹಿಡಿದು ರಸ್ತೆಯ ಪಕ್ಕದಲ್ಲಿ ಕುಳಿತರು. ‘ನನ್ನ ಮಗನೆಲ್ಲಿ?’ ಎಂಬ ಒಂದೇ ಪ್ರಶ್ನೆಯನ್ನು ಅವರು ವರ್ಷಗಟ್ಟಲೆ ಕೇಳಿದ್ದಾರೆ. ಉತ್ತರ ಬರುವ ಮುನ್ನವೇ ಕಣ್ಣು ಮುಚ್ಚಿದವರೂ ಅವರಲ್ಲಿದ್ದಾರೆ.

ಈ ದುಃಖದ ಬಗೆಯನ್ನು ಸ್ವಲ್ಪ ಯೋಚಿಸಿ ನೋಡಿ. ಸತ್ತವರಿಗೆ ತರ್ಪಣ ಬಿಡಬಹುದು, ವರ್ಷಕ್ಕೊಮ್ಮೆ ತಿಥಿ ಮಾಡಬಹುದು. ಕಾಣೆಯಾದವನಿಗೆ ಏನು ಮಾಡುವುದು? ಅವನ ಹೆಂಡತಿ ಕುಂಕುಮವನ್ನು ಇಟ್ಟುಕೊಳ್ಳಲೂ ಆರಳು, ಅಳಿಸಲೂ ಆರಳು. ಸತ್ತನೆಂದು ಒಪ್ಪಿಕೊಂಡರೆ ಮಗನಿಗೆ ತಾನೇ ಮೋಸ ಮಾಡಿದಂತೆ ಎಂದು ತಾಯಿ ಅಂಜುತ್ತಾಳೆ. ಕಾಣೆಯಾದವರನ್ನು ಹುಡುಕುವ ಕಚೇರಿಗೆ 2016ರಲ್ಲಿ ಶಾಸನವಾಯಿತು. 2018ರಲ್ಲಿ ಕೆಲಸವೂ ಮೊದಲಾಯಿತು. ಆದರೆ ಆ ತಾಯಂದಿರಿಗೆ ಬೇಕಾದುದು ಪರಿಹಾರದ ಹಣವಲ್ಲ, ನಿಜವಾದ ಒಂದು ಮಾತು. 2025ರಲ್ಲಿ ಜಾಫ್ನಾದ ಬಳಿಯ ಚೆಮ್ಮಣಿಯಲ್ಲಿ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ನೆಲವನ್ನು ಅಗೆದಾಗ 200ಕ್ಕೂ ಹೆಚ್ಚು ಅಸ್ಥಿಪಂಜರಗಳು ದೊರೆತವು. ಮಗುವೊಂದರ ಮೂಳೆಗಳ ಸಂಗಡ ಶಾಲೆಯ ಚೀಲವೊಂದು ಸಿಕ್ಕಿತು. ದಿನವೂ ಅಂಥ ಚೀಲಗಳನ್ನು ತರಗತಿಯಲ್ಲಿ ಕಾಣುವ ನಾನು ಆ ಸುದ್ದಿಯನ್ನು ಓದಿ ಮುಂದೆ ಓದಲಾರದೆ ಹೋದೆ.

ಆದರೆ ಸ್ತ್ರೀಪರ್ವದ ಕೊನೆಯಲ್ಲಿ ಇನ್ನೊಂದು ಮಾತಿದೆ. ಪಾಂಡವರು ಗಂಗೆಯ ತೀರದಲ್ಲಿ ತಮ್ಮವರಿಗೆ ಜಲವನ್ನು ಬಿಡುತ್ತಿರುವಾಗ ಕುಂತಿಯು, ‘ಕರ್ಣನಿಗೂ ನೀರು ಕೊಡಿ, ಅವನು ನಿಮ್ಮ ಅಣ್ಣ’ ಎನ್ನುತ್ತಾಳೆ. ವೈರಿಯೆಂದು ಕೊಂದವನು ಒಡಹುಟ್ಟಿದವನಾಗಿದ್ದನು!

ಶ್ರೀಲಂಕೆಯ ತಮಿಳರಿಗೂ ಇಂಥ ಕರ್ಣರಿದ್ದಾರೆ. 1990ರ ಅಕ್ಟೋಬರಿನಲ್ಲಿ ತಮಿಳು ಹುಲಿಗಳು ಉತ್ತರ ಪ್ರಾಂತದ ಮುಸ್ಲಿಮರನ್ನೆಲ್ಲ, ಸುಮಾರು 75,000 ಜನರನ್ನು, ಊರುಬಿಡಿಸಿದರು. ಜಾಫ್ನಾದವರಿಗೆ ಕೊಟ್ಟ ಅವಧಿ ಎರಡೇ ಗಂಟೆ. ಆ ಮುಸ್ಲಿಮರ ಮನೆಮಾತೂ ತಮಿಳೇ. ಬೇರೆ ಪಕ್ಷದ ತಮಿಳರನ್ನು ಹುಲಿಗಳೇ ಕೊಂದುದೂ ಉಂಟು; ಶಾಲೆಗೆ ಹೋಗುವ ಮಕ್ಕಳ ಕೈಗೆ ಬಂದೂಕು ಕೊಟ್ಟುದೂ ಉಂಟು. ತಮಗಾದ ಅನ್ಯಾಯಕ್ಕೆ ಸತ್ಯವನ್ನು ಕೇಳುವ ಜನರು ತಮ್ಮವರು ಮಾಡಿದ ಅನ್ಯಾಯದ ಸತ್ಯವನ್ನೂ ಹೇಳಬೇಕಾಗುತ್ತದೆ. ಇದು ಕಠಿಣ. ಆದರೂ ತಮಿಳರಲ್ಲಿಯೇ ಹೀಗೆ ಹೇಳಿದ ಲೇಖಕರೂ ಅಧ್ಯಾಪಕರೂ ಇದ್ದಾರೆ. ಕೆಲವರು ಅದಕ್ಕಾಗಿ ಪ್ರಾಣವನ್ನೂ ತೆತ್ತಿದ್ದಾರೆ. ಜಾಫ್ನಾ ವಿಶ್ವವಿದ್ಯಾಲಯದ ವೈದ್ಯಶಾಸ್ತ್ರದ ಅಧ್ಯಾಪಕಿ ರಜನಿ ತಿರಣಗಮ ಅವರನ್ನು 1989ರಲ್ಲಿ ಗುಂಡಿಕ್ಕಿ ಕೊಂದರು. ಅವರು ಎಲ್ಲ ಕಡೆಯ ಹಿಂಸೆಯನ್ನೂ ಬರೆದಿಟ್ಟವರು.

ಹಾಗಾದರೆ ಆಶೆಗೆ ಎಡೆಯಿಲ್ಲವೆ? ಇದೆ. 1990ರಲ್ಲಿ ನಿಂತುಹೋಗಿದ್ದ ಕೊಲಂಬೊ–ಜಾಫ್ನಾ ರೈಲು 2014ರಲ್ಲಿ ಭಾರತದ ನೆರವಿನಿಂದ ಮತ್ತೆ ಓಡಿತು. 2016ರ ಸ್ವಾತಂತ್ರ್ಯೋತ್ಸವದಲ್ಲಿ ರಾಷ್ಟ್ರಗೀತೆಯನ್ನು ತಮಿಳಿನಲ್ಲಿಯೂ ಹಾಡಿದರು. 2020ರಲ್ಲಿ ಅದನ್ನು ಕೈಬಿಟ್ಟರು. ಜಾಫ್ನಾ ವಿಶ್ವವಿದ್ಯಾಲಯದ ಸ್ಮಾರಕವನ್ನು 2021ರ ಜನವರಿಯಲ್ಲಿ ರಾತ್ರೋರಾತ್ರಿ ಕೆಡವಿದರು. ಕೆಲವೇ ತಿಂಗಳಲ್ಲಿ ಅದು ಮತ್ತೆ ಎದ್ದು ನಿಂತಿತು. ಹೀಗೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಒಂದು ಬಟ್ಟಲು ಗಂಜಿ. ಮುಳ್ಳಿವಾಯ್ಕಾಲಿನಲ್ಲಿ ಸಿಕ್ಕಿಬಿದ್ದವರಿಗೆ ಕೊನೆಯ ದಿನಗಳಲ್ಲಿ ದೊರೆತ ಆಹಾರವೆಂದರೆ ಅಕ್ಕಿಯ ತೆಳ್ಳನೆಯ ಗಂಜಿ. ಅದರ ನೆನಪಿಗಾಗಿ ತಮಿಳರು ಪ್ರತಿ ಮೇ ತಿಂಗಳಲ್ಲಿ ಗಂಜಿ ಕಾಯಿಸಿ ಹಂಚುತ್ತಾರೆ. ಅದನ್ನು ಹಂಚಿದರೆಂದು ಪೋಲೀಸರು ತಡೆದದ್ದೂ ಇದೆ, ಹೆಂಗಸರನ್ನು ಬಂಧಿಸಿದ್ದೂ ಇದೆ. ಆದರೆ 2022ರಲ್ಲಿ, ದೇಶವು ಹಣದ ಮುಗ್ಗಟ್ಟಿಗೆ ಸಿಕ್ಕಿ ಕೊಲಂಬೊ ನಗರದ ಗಾಲ್ ಫೇಸ್ ಮೈದಾನದಲ್ಲಿ ಜನರು ಧರಣಿ ಕುಳಿತಿದ್ದಾಗ, ಮೇ 18ರಂದು ಅಲ್ಲಿಯೂ ಆ ಗಂಜಿಯನ್ನು ಹಂಚಿದರು. ಹದಿಮೂರು ವರ್ಷಗಳ ಹಿಂದೆ ಇದೇ ದಿನಗಳಲ್ಲಿ ವಿಜಯೋತ್ಸವ ನಡೆದಿದ್ದ ರಾಜಧಾನಿಯಲ್ಲಿ ಸಿಂಹಳರೂ ತಮಿಳರೂ ಜೊತೆಯಾಗಿ ನಿಂತು ಸತ್ತವರನ್ನು ನೆನೆದರು. ಬಂದವರು ಹೆಚ್ಚಲ್ಲ. ಆದರೆ ಗಂಗೆಯ ತೀರದಲ್ಲಿ ಕುಂತಿಯು ಕೇಳಿದುದು ಕೂಡ ಒಂದು ಬೊಗಸೆ ನೀರನ್ನಷ್ಟೆ.

ಉಣ್ಣದವರ ಹೆಸರಿನಲ್ಲಿ ಉಣಬಡಿಸುವುದು ನಮಗೂ ಗೊತ್ತಿರುವ ಧರ್ಮ. ಕಿಳಿನೊಚ್ಚಿಯ ಆ ತಾಯಂದಿರಿಗೆ ಉತ್ತರ ಸಿಕ್ಕಲಿ; ಮನೆ ಬಿಟ್ಟ ಮುಸ್ಲಿಮರಿಗೆ ತಮ್ಮ ಬೀದಿಯಲ್ಲಿ ಸ್ವಾಗತ ಸಿಕ್ಕಲಿ; ಮಗನನ್ನು ಕಳೆದುಕೊಂಡ ಸಿಂಹಳ ಸೈನಿಕನ ತಾಯಿಯೂ ಅವರ ಪಕ್ಕದಲ್ಲಿ ಕುಳಿತುಕೊಳ್ಳುವಂತಾಗಲಿ. ಆಗ ಶಾಂತಿಪರ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದು ತಾನಾಗಿ ಮೊದಲಾಗುತ್ತದೆ.