ಹೊಸಹೊಳಲಿನ ಹಕಾರ



ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿಗೆ ಹೋದವರು ನೋಡಿ ಬರುವುದು ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು. ಅದು 13ನೇ ಶತಮಾನದ ಹೊಯ್ಸಳರ ಕೆಲಸ. ಅದಕ್ಕಿಂತ ಹಳೆಯ ಸಂಗತಿಯೊಂದು ಆ ಊರಿನ ಹೆಸರಿನಲ್ಲೇ ಇದೆ. ಹೊಳಲು ಎಂದರೆ ಪಟ್ಟಣ. ಈಗ ಯಾರೂ ಹೊಳಲಿಗೆ ಹೋಗಿ ಸಾಮಾನು ತಂದೆ ಅನ್ನುವುದಿಲ್ಲ; ಮಂಡ್ಯದ ಪಕ್ಕದ ಹೊಳಲು, ಚಿತ್ರದುರ್ಗದ ಕಡೆಯ ಹೊಳಲ್ಕೆರೆ, ಇಂಥ ಊರುಗಳ ಹೆಸರಿನಲ್ಲಿ ಮಾತ್ರ ಅದು ಉಳಿದುಕೊಂಡಿದೆ. ಹಳಗನ್ನಡದಲ್ಲಿ ಅದು ಪೊೞಲ್. ‘ಹೊಸ’ ಕೂಡ ಅಲ್ಲಿ ‘ಪೊಸ’. ಅಂದರೆ ಈ ಹೆಸರಿನ ಎರಡು ಹಕಾರಗಳೂ ಮೊದಲು ಪಕಾರಗಳೇ.

ಅಕ್ಕಪಕ್ಕದ ನುಡಿಗಳನ್ನು ಕೇಳಿದರೆ ಇದು ಇನ್ನೂ ಸ್ಪಷ್ಟ. ನಮ್ಮ ಹುಲಿ ತಮಿಳಿಗೂ ತೆಲುಗಿಗೂ ಪುಲಿ, ತುಳುವರಿಗೆ ಪಿಲಿ. ಹಾಲು ತಮಿಳಿನಲ್ಲಿ ಪಾಲ್. ಹಳ್ಳಿ ಅಲ್ಲಿ ಪಳ್ಳಿ, ತೆಲುಗಿನಲ್ಲಿ ಪಲ್ಲೆ. ಪಾಂಡವಪುರ ತಾಲ್ಲೂಕಿನ ಹಿರೇಮರಳಿಯ ‘ಹಿರೇ’ ತಮಿಳಿನ ‘ಪೆರಿಯ’ದ ಒಡಹುಟ್ಟು. ಅವರೆಲ್ಲ ಪಕಾರವನ್ನು ಹಿಡಿದುಕೊಂಡರು, ಕನ್ನಡ ಬಿಟ್ಟಿತು. ತುಟಿ ಗಟ್ಟಿಯಾಗಿ ಮುಚ್ಚಿದರೆ ಪ. ಮುಚ್ಚುವುದು ಸಡಿಲವಾದರೆ ಗಾಳಿ ಸೋರಿ ಫ಼ಕಾರದಂಥ ಸದ್ದು. ತುಟಿಯ ಕೆಲಸವೇ ನಿಂತರೆ ಬರೀ ಉಸಿರು, ಅದೇ ಹ. ಹತ್ತನೇ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಈ ಹಕಾರ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ನಾಡನ್ನೆಲ್ಲ ತುಂಬಿತು.

ಹಲ್ಮಿಡಿ ಶಾಸನವನ್ನೇ ನೋಡಿ. 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಎಣಿಸುವ ಆ ಕಲ್ಲಿನ ಮೇಲೆ ಊರಿನ ಹೆಸರು ಹಲ್ಮಿಡಿ ಅಲ್ಲ, ಪಲ್ಮಿಡಿ. ಜೊತೆಗೆ ಮೂಳಿವಳ್ಳಿ ಎಂಬ ಇನ್ನೊಂದು ಊರೂ ಇದೆ. ಪಳ್ಳಿ ಬೇರೊಂದು ಮಾತಿನ ಬೆನ್ನಿಗೆ ಅಂಟಿಕೊಂಡಾಗ ಪಕಾರ ವಕಾರವಾಯಿತು. ಇದು ವ್ಯಾಕರಣದ ಬದಲಾವಣೆ, ಮಾತು ನಿಂತ ಜಾಗದಿಂದ ಆದದ್ದು. ಶಾಲೆಯಲ್ಲಿ ಕಲಿತ ಕಂಬನಿಯೂ ಇದೇ ಜಾತಿ: ಕಣ್ ಮುಂದೆ ಪನಿ ಬಂದು ಪಕಾರ ಬಕಾರವಾಗಿದೆ. ಒಂಟಿ ಪನಿ ಮುಂದೆ ಹನಿಯಾಯಿತು, ಕಂಬನಿ ‘ಕಣ್ಹನಿ’ ಆಗಲಿಲ್ಲ. ಸಮಾಸದ ಒಳಗೆ ಬಚ್ಚಿಟ್ಟುಕೊಂಡದ್ದಕ್ಕೆ ಹಕಾರದ ಗಾಳಿ ತಾಗಲಿಲ್ಲ. ಅಪ್ಪ, ಉಪ್ಪು, ತುಪ್ಪ ಕೂಡ ಒತ್ತಿನ ಬಲದಿಂದ ಪಾರಾದವು.

ಹಾಗಾದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳಲ್ಲಿ ಪ ಹೇಗೆ ನಿಂತಿದೆ? ಪುರ, ಪಟ್ಟಣಗಳನ್ನು ಸಂಸ್ಕೃತ ಬಲ್ಲವರು ಸಂಸ್ಕೃತದ ಹಾಗೇ ಕಾಪಾಡಿದರು. ಪೇಟೆ ಬಹುಶಃ ಬದಲಾವಣೆಯ ಅಲೆ ಇಳಿದ ಮೇಲೆ ಬಂದ ಮಾತು. ಊರ ಹೆಸರುಗಳೂ ಹೊಸವೇ: ಪಾಂಡವಪುರ ಮೊದಲು ಹಿರೋಡೆ, ಹೈದರ್ ಮತ್ತು ಟಿಪ್ಪುವಿನ ಸೇನೆಯ ಫ್ರೆಂಚರಿಂದಾಗಿ ಫ್ರೆಂಚ್ ರಾಕ್ಸ್, ಕೃಷ್ಣರಾಜಪೇಟೆ ಮೊದಲು ಅತ್ತಿಗುಪ್ಪೆ. 

ಸಂಸ್ಕೃತದ ಮಾತುಗಳೆಲ್ಲ ಹೀಗೆ ತಪ್ಪಿಸಿಕೊಳ್ಳಲಿಲ್ಲ. ಪರ್ವ ಬೇಗ ಬಂದು ಜನರ ಬಾಯಿಗೆ ಬಿದ್ದದ್ದರಿಂದ ಹಬ್ಬವಾಯಿತು. ತುಳುವರಿಗೆ ಅದು ಇನ್ನೂ ಪರ್ಬ. ಪಕ್ಷಿ ಪ್ರಾಕೃತದ ದಾರಿಯಲ್ಲಿ ಬಂದು ಹಕ್ಕಿಯಾಯಿತು.

ಇದೇ ಕಥೆಯನ್ನು ಐರ್ಲೆಂಡಿನ ಸ್ವಂತ ನುಡಿಯಾದ ಐರಿಷ್ ಇನ್ನೂ ಕಟುವಾಗಿ ಹೇಳುತ್ತದೆ. ಅದು ಸಂಸ್ಕೃತ, ಲ್ಯಾಟಿನ್‌ಗಳ ದೂರದ ದಾಯಾದಿ. ನಮ್ಮ ಪಿತೃ, ಲ್ಯಾಟಿನ್ನಿನ ಪಾತೆರ್ ಐರಿಷ್‌ನಲ್ಲಿ ‘ಅಹಿರ್’. ಪೂರ್ಣ ಅಲ್ಲಿ ‘ಲಾನ್’. ಆ ಹಳೆಯ ಪಕಾರ ಮೊದಲು ಸಡಿಲವಾಗಿ, ಉಸಿರಾಗಿ, ಕೊನೆಗೆ ಏನೂ ಇಲ್ಲದಂತೆ ಅಳಿಸಿಹೋಗಿದೆ. ಪ ಎಂಬ ಸದ್ದೇ ಇಲ್ಲದ ಆ ಕಾಲದಲ್ಲಿ ಕ್ರೈಸ್ತರ ಹಬ್ಬ ಪಾಸ್ಖಾ ಬಂದಾಗ ಅವರು ಅದನ್ನು ಕಕಾರ ಹಚ್ಚಿ ‘ಕಾಶ್ಕ್’ ಎಂದರು. ಆಮೇಲೆ ಬಂದ ಲ್ಯಾಟಿನ್ ಮಾತುಗಳ ಪ ಹಾಗೇ ನಿಂತಿತು; ಚುಂಬನಕ್ಕೆ ಅವರು ಅನ್ನುವ ‘ಪೋಗ್’ ಅಂಥದ್ದು. ಅದಕ್ಕೂ ವ್ಯಾಕರಣದ ಕಾಟ ತಪ್ಪಿಲ್ಲ: ‘ನನ್ನ’ ಎಂಬ ಮಾತು ಮುಂದೆ ಬಂದರೆ ‘ಪೋಗ್’ ಹೋಗಿ ‘ಫ಼ೋಗ್’.

ಐರಿಷ್ ಮುಟ್ಟಿದ ಆ ಕೊನೆಯ ಮೆಟ್ಟಿಲನ್ನು ನಮ್ಮ ಮಂಡ್ಯ ಸೀಮೆಯ ಆಡುಮಾತು ಎಂದೋ ಮುಟ್ಟಿದೆ. ಅಳ್ಳಿ, ಆಲು, ಓಗು. ಪಳ್ಳಿ, ಹಳ್ಳಿ, ಅಳ್ಳಿ. ಓದಿದವರು ಇದನ್ನು ಕೇಳಿ ನಗುತ್ತಾರೆ, ಸಿನಿಮಾಗಳು ಗಮಾರನನ್ನು ತೋರಿಸಲು ಬಳಸುತ್ತವೆ. ನನಗೆ ಈ ನಗು ಅರ್ಥವಾಗುವುದಿಲ್ಲ. ಪಾಲನ್ನು ಹಾಲು ಮಾಡಿದ್ದು ಶುದ್ಧ, ಹಾಲನ್ನು ಆಲು ಮಾಡಿದ್ದು ಅಶುದ್ಧ ಎಂದು ಹೇಳುವುದಕ್ಕೆ ಭಾಷೆಯ ಒಳಗೆ ಯಾವ ಕಾರಣವೂ ಇಲ್ಲ. ಅಹಿರ್ ಎಂಬುದನ್ನು ಐರಿಷ್ ಮೇಷ್ಟ್ರು ಪಿತೃವಿನ ಕೆಟ್ಟ ಉಚ್ಚಾರ ಎಂದು ತಿದ್ದುವುದಿಲ್ಲ.

ತಿದ್ದುವ ಗಡಿಬಿಡಿಯೇ ಹೊಸ ತಪ್ಪುಗಳನ್ನು ಹುಟ್ಟಿಸುತ್ತದೆ. ಹ ಬಿಡಬಾರದು ಎಂಬ ಹೆದರಿಕೆಯಲ್ಲಿ ವೇದಿಕೆ ಹತ್ತಿದವರು ಇಲ್ಲದ ಕಡೆಯೂ ಹ ಸೇರಿಸಿ, ಆದರದ ಸ್ವಾಗತವನ್ನು ಹಾದರದ ಸ್ವಾಗತ ಮಾಡಿಬಿಡುತ್ತಾರೆ. ಮಾತು ಹೊಳೆಯದೆ ಒದ್ದಾಡುವುದು ಅವರೇ ಹೊರತು ಅಳ್ಳಿಯವರಲ್ಲ. ಹಕ್ಕಿಯೂ ಅಕ್ಕಿಯೂ ಒಂದೇ ಸದ್ದಾದರೆ ಗೊಂದಲವಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ‘ಅಕ್ಕಿಗೆ ಒಸಿ ಅಕ್ಕಿ ಆಕವ್ವ’ ಎಂದರೆ ಯಾವುದನ್ನು ಮೊರದಿಂದ ತೆಗೆಯಬೇಕು, ಯಾವುದಕ್ಕೆ ಚೆಲ್ಲಬೇಕು ಎಂಬುದು ಪಾಂಡವಪುರದ ಐದು ವರ್ಷದ ಮಗುವಿಗೂ ಗೊತ್ತು.