ಬಾಣಂತಿಯ ಅಂತರಂಗ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಲ್ಲಿ ಮಗಳು ಹೆತ್ತು ತವರಿನ ಕೋಣೆಯನ್ನು ಸೇರಿದಳೆಂದರೆ, ಎಣ್ಣೆಯ ನೀವಿಕೆ, ಹಂಡೆಯ ಬಿಸಿನೀರಿನ ಮೀಹ, ಕಾಳುಮೆಣಸಿನ ಸಾರು, ಸೊಂಟಕ್ಕೆ ಬಿಗಿದ ಬಟ್ಟೆ ಇವೆಲ್ಲವೂ ಆಕೆಯ ದೇಹಕ್ಕೆ ಯಥಾವಿಧಿಯಾಗಿ ಸಲ್ಲುತ್ತವೆ. ಆದರೆ ಶಿಶುವನ್ನು ಮಡಿಲಲ್ಲಿಟ್ಟುಕೊಂಡೇ ಗೋಡೆಯತ್ತ ಮುಖಮಾಡಿ ಅಳುವ ಆಕೆಯ ಅಂತರಂಗವನ್ನು ವಿಚಾರಿಸುವವರು ವಿರಳ.

ಹೆರಿಗೆಯಾದ ಕೆಲವೇ ದಿನಗಳಲ್ಲಿ ತಲೆದೋರುವ ಅಳು, ಅಳುಕುಗಳು ಸಾಮಾನ್ಯವಾಗಿ 2 ವಾರಗಳೊಳಗೆ ತಾವೇ ಶಮನವಾಗುವುವು. ಆ ಅವಧಿಯನ್ನು ಮೀರಿಯೂ ನಿದ್ರೆ, ಹಸಿವು, ಮಗುವಿನ ಮೇಲಣ ಆಸ್ಥೆ ಕುಂದುತ್ತಲೇ ಹೋದರೆ ಅದು ಚಿಕಿತ್ಸೆಗೆ ಬಗ್ಗತಕ್ಕ ವ್ಯಾಧಿ. ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯು ತಾಯಿಯನ್ನೂ ಶಿಶುವನ್ನೂ ಅಗಲಿಸದೆ ಒಟ್ಟಿಗಿರಿಸಿ ಶುಶ್ರೂಷೆ ನಡೆಸುವ ವಿಭಾಗವನ್ನು 2009ರಲ್ಲಿಯೇ ತೆರೆಯಿತು. ಬಾಣಂತಿಯದಷ್ಟೇ ಅಲ್ಲ, ಮೈನೆರೆದ ಬಾಲೆಯ ಕಳವಳ, ಗರ್ಭ ಇಳಿದುಹೋದವಳ ಮೂಕಶೋಕ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತ ಕುಳಿತವಳ ಉದ್ವೇಗ ಇವೂ ಅಷ್ಟೇ ಗಮನಾರ್ಹ. ಅಳುವ ಬಾಣಂತಿಗೆ ಹೇಳುವ "ಹೆತ್ತವಳು ನೀನೊಬ್ಬಳೇ ಏನು?" ಎಂಬ ಮಾತು ನನಗಂತೂ ಕ್ರೂರವೆಂದೇ ತೋರುತ್ತದೆ.

ಶ್ರೋತೃಗಳೇ, ಇಂದು ಮನೆಯ ಬಾಣಂತಿಯ ಬಳಿ ತುಸು ಹೊತ್ತು ಕುಳಿತು ಆಕೆಯ ಮನಸ್ಸನ್ನು ವಿಚಾರಿಸಿರಿ. ಅಗತ್ಯವೆನಿಸಿದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ, ಇಲ್ಲವೇ ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿರಿ. ಅಲ್ಲಿ ಕನ್ನಡದಲ್ಲಿಯೇ, ಶುಲ್ಕವಿಲ್ಲದೆ, ಹಗಲಿರುಳೂ ಉತ್ತರ ದೊರೆಯುತ್ತದೆ.